ದೊಡ್ಡ ಸಿಸ್ಟರ್ ಹೋಗದಿರಲೆಂದು ಒಂದು ನೊವೇನಾ

ಶಾಲೆಯ ಹಿಂದಿನ ಮನೆ,
ಜುಲೈ ೭, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಯೇಸುವಿನ ಕೃಪೆ ನಿನ್ನ ಮೇಲಿರಲಿ. ನಿನ್ನ ಕೆಮ್ಮು ಹೇಗಿದೆ? ತಣ್ಣೀರು ತಲೆಗೆ ಸುರಿದುಕೊಳ್ಳಬೇಡ ಎಂದು ಎಷ್ಟು ಸಲ ಹೇಳಿದರೂ ಕೇಳುವವಳಲ್ಲ ನೀನು. ಕಾನ್ವೆಂಟಿನಲ್ಲಿ ಒಂದು ಬಕೆಟ್ ಬಿಸಿನೀರು ಕೇಳಿದರೆ ಪಾಪವೇನೂ ಸುತ್ತಿಕೊಳ್ಳುವುದಿಲ್ಲ. ಸುತ್ತಿಕೊಂಡರೆ ಅದು ನನ್ನ ತಲೆಗಿರಲಿ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಸೊಂಟ ಹಿಡಿದುಕೊಂಡಿದೆ, ಆದರೂ ಶಾಲೆಯ ಮುರುಕು ಬೆಂಚುಗಳನ್ನೆಲ್ಲ ಅಂಗಳಕ್ಕೆ ಎಳೆದು ತಂದು ಬೆಳಗ್ಗೆಯಿಂದ ಬಡಿಯುತ್ತಲೇ ಇದ್ದಾರೆ. ಬಡಗಿಗೆ ರಜೆ ಕೊಟ್ಟರೆ ಹೆಂಡತಿಯ ತಲೆ ಬಡಿಯುತ್ತಾನೆ, ಅದಕ್ಕೇ ನಾನೂ ಸುಮ್ಮನಿದ್ದೇನೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಸಿಕ್ಕಿಲ್ಲ ಎಂದುಕೊಳ್ಳಬೇಡ. ಸಿಸ್ಟರ್ ಆಗುವ ವ್ರತದ ದಿನ ಹತ್ತಿರ ಬರುತ್ತಿದೆ, ದೇವರ ಮೇಲೆ ನನಗೆ ಮುನಿಸಿಲ್ಲ, ಆದರೆ ಈ ಬಾಳು ನನ್ನದಲ್ಲ ಅನ್ನಿಸುತ್ತಿದೆ, ಮನೆಗೆ ಬರಲಾ ಅಮ್ಮಾ ಎಂದು ಬರೆದಿದ್ದೀಯ. ಓದಿದ ಮೇಲೆ ನಾನು ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗುವುದನ್ನು ನೋಡುತ್ತ ನಿಂತುಬಿಟ್ಟೆ. ನಿನ್ನ ಹತ್ತಿರ ಮುಚ್ಚುಮರೆ ಏಕೆ, ನನಗೆ ಮೊದಲು ನೆನಪಾದದ್ದು ನೀನಲ್ಲ, ಚರ್ಚಿನ ಜನ. ಈಗ ಎರಡು ವರ್ಷದಿಂದ ಅಲ್ಲಿ ನನ್ನನ್ನು ಶಾಲೆಯ ಆಯಾ ಎಂದು ಯಾರೂ ಕರೆಯುವುದಿಲ್ಲ, "ಸಿಸ್ಟರ್ ಆಗೋ ಹುಡುಗಿಯ ತಾಯಿ" ಎನ್ನುತ್ತಾರೆ, ಮುಂದಿನ ಬೆಂಚಿನಲ್ಲಿ ಜಾಗ ಬಿಡುತ್ತಾರೆ. ಆ ಬೆಂಚಿಗೆ ಮೆತ್ತೆ ಹಾಕಿದೆ ಗೊತ್ತಾ? ಮಂಡಿಗೆ ಎಷ್ಟು ಹಾಯ್ ಅನ್ನಿಸುತ್ತದೆ. ಇರಲಿ. ನಿನ್ನ ಮಾತಿಗೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ, ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ನಮ್ಮ ದೊಡ್ಡ ಸಿಸ್ಟರ್ ಹೋಗಿಬಿಟ್ಟರು. ಹೆದರಬೇಡ, ಸ್ವರ್ಗಕ್ಕಲ್ಲ, ವರ್ಗವಾಗಿ. ನಿನ್ನನ್ನು ಶಾಲೆಗೆ ಸೇರಿಸಿಕೊಂಡವರು, ಹೆಡ್‌ಮಿಸ್ ಕುರ್ಚಿಯಲ್ಲಿ ಕೂತು ಮುದುಕಿಯಾದವರು, ಯಾವ ಮಗುವಿನ ಚಪ್ಪಲಿ ಯಾವುದು ಎಂದು ದೂರದಿಂದಲೇ ಹೇಳುತ್ತಿದ್ದವರು. ಅವರಿಲ್ಲದ ಶಾಲೆಯನ್ನು ನಾನಂತೂ ಕಂಡೇ ಇಲ್ಲ. ಹೋದ ತಿಂಗಳು ಅವರ ಮಠದಿಂದ ಆದೇಶ ಬಂದ ದಿನ ಹಾಡಿನ ಟೀಚರ್ ಪ್ರಾರ್ಥನೆಗೀತೆಯನ್ನು ಅರ್ಧಕ್ಕೆ ನಿಲ್ಲಿಸಿ ಅತ್ತುಬಿಟ್ಟರು. ಗಣಿತದ ಮೇಷ್ಟ್ರು, ಅದೇ ನಮ್ಮ ಗುಡುಗು ಮೇಷ್ಟ್ರು, ಆ ದಿನ ಯಾರಿಗೂ ಬೈಯಲಿಲ್ಲ. ಮಕ್ಕಳು ಅವರಿಗೆ ಜ್ವರ ಎಂದುಕೊಂಡವು. ಸಂಜೆ ನಾವೆಲ್ಲ ಅಡುಗೆಕೋಣೆಯಲ್ಲಿ ಸೇರಿದೆವು. ಮಠಕ್ಕೆ ಮನವಿ ಬರೆಯೋಣ ಎಂದರು ಒಬ್ಬರು, ಹೋಗಿ ಅಲ್ಲಿಯ ಹಿರಿಯ ಮದರ್ ಕಾಲಿಗೆ ಬೀಳೋಣ ಎಂದರು ಇನ್ನೊಬ್ಬರು. ನಾನು ಹೇಳಿದೆ: "ಕೆಳಗಿನವರ ಕಾಲಿಗ್ಯಾಕೆ, ನೇರ ಮೇಲಿನವರ ಹತ್ತಿರಾನೇ ಹೋಗೋಣ. ಮಾತೆ ಮರಿಯಮ್ಮನಿಗೆ ಒಂಬತ್ತು ದಿನ ನೊವೇನಾ ಹಿಡಿಯೋಣ, ಆದೇಶ ರದ್ದಾಗಲಿ ಅಂತ." ಎಲ್ಲರೂ ಭೇಷ್ ಅಂದರು. ಒಂಬತ್ತನೆಯ ದಿನಕ್ಕೆ ಸರಿಯಾಗಿ ಮಕ್ಕಳ ಪ್ರಥಮ ಪರಮಪ್ರಸಾದದ ಹಬ್ಬ. ಎರಡು ಸಂತೋಷ ಒಟ್ಟಿಗೇ ಆಗುತ್ತದೆ ಎಂದು ಹಾಡಿನ ಟೀಚರ್ ಆಗಲೇ ಕಣ್ಣೊರೆಸಿಕೊಂಡು ಬೇಕರಿಗೆ ಹೊರಟೇಬಿಟ್ಟರು. ಇಷ್ಟು ಬೇಗ ಏಕೆ ಟೀಚರ್ ಎಂದರೆ, "ಪ್ರಾರ್ಥನೆ ಮಾಡಿ ಕೇಕಿಗೆ ಹೇಳದೆ ಇದ್ರೆ ನಮಗೆ ನಂಬಿಕೆ ಇಲ್ಲ ಅಂತ ಆಗಲ್ವಾ?" ಎಂದರು.

ಈಗ ಕೇಳು ತಮಾಷೆ. ನಮ್ಮ ಶಾಲೆಯ ಪದ್ಧತಿ ನಿನಗೆ ಗೊತ್ತೇ ಇದೆ. ಯಾರಾದರೂ ಒಂದು ಕೋರಿಕೆ ಇಟ್ಟರೆ ಅದೇನು ಎಂದು ಕೇಳುವಂತಿಲ್ಲ, "ಒಂದು ವಿಶೇಷ ಕೋರಿಕೆಗಾಗಿ" ಎಂದಷ್ಟೇ ಹೇಳಿ ಬೆಳಗಿನ ಪ್ರಾರ್ಥನೆ ನಡೆಸುವುದು. ನಡೆಸುವವರು ಯಾರು? ದೊಡ್ಡ ಸಿಸ್ಟರೇ! ನಾನು ಹೋಗಿ, ಶಾಲೆಯ ಒಳ್ಳೆಯದಕ್ಕೆ ಒಂದು ನೊವೇನಾ ಬೇಕು ಸಿಸ್ಟರ್ ಎಂದೆ. ಪಾಪ, ಮುಖವೆಲ್ಲ ಅರಳಿತು. "ಬಾಯಿ ತುಂಬ ಜಪ ಮಾಡೋಣ ಕಣಮ್ಮ" ಎಂದರು. ಹಾಗೆಯೇ ಮಾಡಿದರು. ಎಡ ಮಂಡಿ ಊದಿಕೊಂಡಿದ್ದರೂ ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿ, ಕೈ ಅಗಲಿಸಿ, ನಮ್ಮೆಲ್ಲರಿಗಿಂತ ಜೋರಾಗಿ, ತಮ್ಮ ವರ್ಗ ರದ್ದಾಗಲಿ ಎಂದು ತಮಗೇ ಗೊತ್ತಿಲ್ಲದೆ ಬೇಡುತ್ತಿದ್ದರು. ಹಿಂದೆ ನಿಂತ ಗುಡುಗು ಮೇಷ್ಟ್ರಿಗೆ ನಗು ತಡೆಯಲಾಗದೆ ಕೆಮ್ಮು ಬರಿಸಿಕೊಳ್ಳಬೇಕಾಯಿತು. ವರ್ಷಪೂರ್ತಿ ಪ್ರಾರ್ಥನೆ ಮುಗಿದ ಮೇಲೆ ಬರುವ ಮನುಷ್ಯ, ಆ ದಿನಗಳಲ್ಲಿ ನನಗಿಂತ ಮೊದಲೇ ಬಂದು ಗೇಟಿನಲ್ಲಿ ನಿಂತಿರುತ್ತಿದ್ದರು. ಬೇರೇನಾಗದಿದ್ದರೂ ಮರಿಯಮ್ಮ ಅಷ್ಟು ಪವಾಡ ಮಾಡಿದಳು.

ಆರನೆಯ ದಿನ ಎಲ್ಲರೂ ತರಗತಿಗೆ ಹೋದ ಮೇಲೆ ನಾನು ಪ್ರಾರ್ಥನೆಕೋಣೆ ಗುಡಿಸಲು ಹೋದೆ. ನೋಡಿದರೆ ದೊಡ್ಡ ಸಿಸ್ಟರ್ ಇನ್ನೂ ಮೊಣಕಾಲಲ್ಲೇ ಇದ್ದಾರೆ. ಭಕ್ತಿ ಎಂದುಕೊಂಡು ಪೊರಕೆ ಹಿಡಿದು ಕಾದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಭಕ್ತಿ ಮುಗಿದು ಆಗಲೇ ಎಷ್ಟೋ ಹೊತ್ತಾಯ್ತು, ಏಳೋಕಾಗ್ತಿಲ್ಲ, ಬಾ ಮಾರಾಯ್ತಿ ಎತ್ತು" ಎಂದರು. ಎತ್ತಿ ಬೆಂಚಿನ ಮೇಲೆ ಕೂರಿಸಿ ಮಂಡಿ ತಿಕ್ಕುತ್ತ ಕೂತೆ. ಆಗ ಹೇಳಿದರು: "ನಿಮ್ಮ ನೊವೇನಾ ಜೊತೆ ನಂದೂ ಒಂದು ಕೋರಿಕೆ ಸೇರಿಸಿದ್ದೀನಿ, ಬೇಜಾರಿಲ್ಲ ತಾನೇ?" ಏನು ಸಿಸ್ಟರ್ ಎಂದೆ, ಪದ್ಧತಿ ಮರೆತು. ಈ ವರ್ಗವನ್ನು ಅವರೇ ಕೇಳಿಕೊಂಡಿದ್ದಂತೆ! ಎರಡು ಸಲ ಕೇಳಿ, ಎರಡು ಸಲವೂ ಇಲ್ಲಿಯವರು ಬಿಡಲ್ಲ ಎಂದು ಮಠದವರು ತಡೆದಿದ್ದರಂತೆ. ಈ ಸಲವಾದರೂ ತಪ್ಪಿಹೋಗದಿರಲಿ ಎಂದು ದಿನವೂ ಬೇಡುತ್ತಿದ್ದಾರಂತೆ. ಹೋಗುವುದು ಎಲ್ಲಿಗೆ, ಒಂದು ಸಣ್ಣ ಶಾಲೆಗೆ, ಹೆಡ್‌ಮಿಸ್ ಆಗಿ ಅಲ್ಲ, ಒಂದನೇ ತರಗತಿಯ ಟೀಚರ್ ಆಗಿ. "ಸೀಮೆಸುಣ್ಣ ಹಿಡಿಯೋಕೆ ಅಂತ ಸಿಸ್ಟರ್ ಆದೋಳು ನಾನು. ಇಪ್ಪತ್ತು ವರ್ಷದಿಂದ ಬರೀ ಸಹಿ ಹಾಕ್ತಿದ್ದೀನಿ. ಸಾಯೋದ್ರೊಳಗೆ ಇನ್ನೊಂದಷ್ಟು ಮಕ್ಕಳಿಗೆ ಅ ಆ ಇ ಈ ತಿದ್ದಿಸಬೇಕು" ಎಂದರು. ಹಾಗಾದರೆ ನಮಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಕೈ ಹಿಡಿದುಕೊಂಡರು. "ಬೈಯೋರ ಹತ್ತಿರ ಹೋಗ್ತೀನಿ ಅಂತ ಹೇಳೋದು ಸುಲಭ ಕಣಮ್ಮ. ಪ್ರೀತಿ ಮಾಡೋರ ಹತ್ತಿರ ಹೇಳೋಕೆ ಬಾಯೇ ಬರಲ್ಲ."

ಮಗಳೇ, ನಾನು ಮಂಡಿ ತಿಕ್ಕುವುದನ್ನು ನಿಲ್ಲಿಸಿಬಿಟ್ಟೆ. ಅವರು ಏನೋ ನೆನಪಾದವರಂತೆ, "ಮಗಳು ಹೇಗಿದ್ದಾಳೆ?" ಎಂದರು. "ಸ್ವಲ್ಪ ಕೆಮ್ಮು ಸಿಸ್ಟರ್" ಎಂದೆ. ಅದಕ್ಕಿಂತ ಹೆಚ್ಚು ನನ್ನ ಬಾಯಿಗೂ ಬರಲಿಲ್ಲ.

ಈಗ ನನ್ನ ಪೇಚು ನೋಡು. ನೊವೇನಾ ಹಿಡಿಸಿದವಳು ನಾನು. ನಡುವೆ ಬಿಡುವಂತಿಲ್ಲ, ಮುಂದುವರಿಸಿದರೆ ಆ ಮುದುಕಿಯ ಆಸೆಗೆ ನಾನೇ ಅಡ್ಡ ನಿಂತಂತೆ, ಅದೂ ಅವರ ಬಾಯಿಂದಲೇ ಬೇಡಿಸಿ. ನೇರ ಫಾದರ್ ಹತ್ತಿರ ಓಡಿದೆ. ಅವರು ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನ ಕಥೆ ಕೇಳಿ ಎಷ್ಟು ನಕ್ಕರೆಂದರೆ ಪೈಪು ತಿರುಗಿ ಅವರ ಬಿಳಿ ನಿಲುವಂಗಿಯೆಲ್ಲ ತೊಯ್ದು ತೊಪ್ಪೆಯಾಯಿತು. ನಗಬೇಡಿ ಫಾದರ್, ನನಗೆ ಇಲ್ಲಿ ಪ್ರಾಣಸಂಕಟ ಎಂದೆ. ಆಮೇಲೆ ನಗು ನಿಲ್ಲಿಸಿ, "ಆರು ದಿನ ನೀವು ಹೇಳಿದ್ದನ್ನ ದೇವರು ಕೇಳಿದ್ದಾರೆ. ಉಳಿದ ಮೂರು ದಿನ ಅವರು ಹೇಳೋದನ್ನ ನೀವು ಕೇಳಿ" ಎಂದರು. ಇಷ್ಟೇ. ಪೈಪು ಹಿಡಿದು ಮತ್ತೆ ಗಿಡದ ಕಡೆ ತಿರುಗಿದರು. ಕೊಟ್ಟರೆ ಹಣ್ಣೇ ಕೊಡುತ್ತಾರೆ, ಸಿಪ್ಪೆ ಸುಲಿದು ಕೊಡುವುದಿಲ್ಲ ನಮ್ಮ ಫಾದರ್.

ಸಂಜೆ ಅಡುಗೆಕೋಣೆಯಲ್ಲಿ ಎಲ್ಲರಿಗೂ ಹೇಳಿದೆ. ಹಾಡಿನ ಟೀಚರ್ ಇನ್ನೊಂದು ಸುತ್ತು ಅತ್ತರು. ಗುಡುಗು ಮೇಷ್ಟ್ರು ಗುಡುಗಿಯೇಬಿಟ್ಟರು: "ಆರು ದಿನ ಕೋಳಿ ಕೂಗೋಕೆ ಮುಂಚೆ ಎದ್ದಿದ್ದೀನಿ, ಅದೆಲ್ಲ ನೀರಲ್ಲಿ ಹೋಮನಾ?" ಎಂದು. ಆಮೇಲೆ ಅವರೇ ಮೆತ್ತಗಾಗಿ, "ಹೋಗಲಿ ಬಿಡಿ, ಅವರ ಮಂಡಿನಾದ್ರೂ ವಾಸಿಯಾಗಲಿ ಅಂತ ಬೇಡ್ಕೊಳ್ತೀನಿ" ಎಂದರು. ಉಳಿದ ಮೂರು ದಿನ ನಾವು ಅವರ ಪ್ರಯಾಣ ಸುಖವಾಗಲಿ, ಹೊಸ ಮಕ್ಕಳು ಒಳ್ಳೆಯವರಿರಲಿ ಎಂದು ಬೇಡಿದೆವು. ಮೊದಮೊದಲು ಬಾಯಿ ಒಂದು ಹೇಳಿದರೆ ಮನಸ್ಸು ಇನ್ನೊಂದು ಹೇಳುತ್ತಿತ್ತು. ಒಂಬತ್ತನೆಯ ದಿನಕ್ಕೆ ಎರಡೂ ಹೆಚ್ಚುಕಡಿಮೆ ಒಂದಾದವು.

ಹಬ್ಬದ ದಿನ ನೀನು ಇರಬೇಕಿತ್ತು! ಬಿಳಿ ಫ್ರಾಕು, ಬಿಳಿ ಅಂಗಿ, ಕೈಯಲ್ಲಿ ಮೇಣದಬತ್ತಿ. ಒಬ್ಬಳ ಮುಂದಿನ ಹಲ್ಲು ಅದೇ ಬೆಳಗ್ಗೆ ಬಿದ್ದು, ಪರಮಪ್ರಸಾದದ ತೆಳು ರೊಟ್ಟಿ ನಾಲಿಗೆಯ ಮೇಲೆ ಇಟ್ಟರೆ ಸಂದಿಯಿಂದ ಜಾರಿ ಹೋಗುತ್ತದೇನೋ ಎಂದು ಗಾಬರಿಯಾಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೇ ಬೆಂಚಿಗೆ ವಾಪಸು ಬಂದಳು. ಇನ್ನೊಬ್ಬಳ ತಲೆಯ ವಸ್ತ್ರಕ್ಕೆ ಪಿನ್ನು ಚುಚ್ಚಿ ಚುಚ್ಚಿ ನನ್ನ ಬೆರಳೆಲ್ಲ ತೂತು. ಪೂಜೆ ಮುಗಿದ ಮೇಲೆ ಶಾಲೆಯ ಹಾಲಿನಲ್ಲಿ ಬೀಳ್ಕೊಡುಗೆ. ಹಾಡಾಯಿತು, ಭಾಷಣವಾಯಿತು, ಬೇಕರಿಯವನು ಡಬ್ಬ ತಂದು ಮೇಜಿನ ಮೇಲಿಟ್ಟ. ದೊಡ್ಡ ಸಿಸ್ಟರ್ ಮುಚ್ಚಳ ತೆಗೆದು, ಕನ್ನಡಕ ಸರಿಮಾಡಿಕೊಂಡು, ಒಂದನೇ ತರಗತಿಗೆ ಓದಿ ಹೇಳುವ ಹಾಗೆ ಜೋರಾಗಿ ಓದಿದರು: "ನಮ್ಮಲ್ಲೇ ಉಳಿದದ್ದಕ್ಕೆ ಧನ್ಯವಾದ, ಸಿಸ್ಟರ್."

ಹಾಡಿನ ಟೀಚರ್ ಕೋರಿಕೆ ಬದಲಾಯಿಸಿದ್ದರು, ಕೇಕು ಬದಲಾಯಿಸಲು ಮರೆತಿದ್ದರು! ಟೀಚರ್ ಮುಖ ಕೇಕಿನ ಕೆನೆಗಿಂತ ಬೆಳ್ಳಗಾಯಿತು. ದೊಡ್ಡ ಸಿಸ್ಟರ್ ಒಮ್ಮೆ ಕೇಕು ನೋಡಿದರು, ಒಮ್ಮೆ ಮೇಷ್ಟ್ರನ್ನು ನೋಡಿದರು, ಆಮೇಲೆ ನೇರ ನನ್ನನ್ನು. "ಅಯ್ಯೋ ಕಳ್ಳಿ! ಆ ವಿಶೇಷ ಕೋರಿಕೆ ಇದೇನಾ? ನನ್ನ ಕೈಲೇ, ನನ್ನ ಮಂಡಿ ಮೇಲೇ?" ಎಂದು ಶುರುವಾದ ನಗು ನಿಲ್ಲಲೇ ಇಲ್ಲ. ಅವರು ನಕ್ಕರು, ಫಾದರ್ ನಕ್ಕರು, ಏನೆಂದು ಗೊತ್ತಿಲ್ಲದ ಮಕ್ಕಳೂ ನಕ್ಕವು. ಕೊನೆಗೆ ಕಣ್ಣೊರೆಸಿಕೊಂಡು ಚಾಕು ಹಿಡಿದರು. 'ಉಳಿದದ್ದಕ್ಕೆ' ಎಂದಿದ್ದ ತುಂಡನ್ನು ಕೊಯ್ದು ಮೇಷ್ಟ್ರ ತಟ್ಟೆಗೆ ಹಾಕಿ, "ಉಳಿಯೋರು ನೀವು, ಇದು ನಿಮ್ಮದು" ಎಂದರು. 'ಧನ್ಯವಾದ' ಎಂದಿದ್ದ ತುಂಡನ್ನು ತಮಗೇ ಇಟ್ಟುಕೊಂಡರು. ಗುಡುಗು ಮೇಷ್ಟ್ರು ಆ ಕೇಕು ತಿನ್ನುತ್ತ ಗೋಡೆಯ ಕಡೆ ತಿರುಗಿ ನಿಂತಿದ್ದರು, ಯಾಕೆಂದು ನಾನು ಹೇಳಬೇಕಾಗಿಲ್ಲ.

ಗೇಟಿನವರೆಗೆ ನಾನೇ ಅವರ ಚೀಲ ಹಿಡಿದುಕೊಂಡು ಹೋದೆ. ಅಳಬೇಕೆಂದು ತಯಾರಾಗಿಯೇ ಹೋಗಿದ್ದೆ. ಆದರೆ ಆ ಊದಿದ ಮಂಡಿಯಲ್ಲಿ ಅವರು ಎಷ್ಟು ಚುರುಕಾಗಿ ನಡೆದು ಹೋಗಿ ಗಾಡಿ ಹತ್ತಿದರು ಎನ್ನುತ್ತೀ! ಮೊದಲ ದಿನ ಶಾಲೆಗೆ ಹೊರಟ ಹುಡುಗಿಯ ಹಾಗೆ. ಅವರ ಮುಖದಲ್ಲಿ ಅಂಥ ಬೆಳಕನ್ನು ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ. ನಾವು ಪ್ರೀತಿಯಿಂದ ಹಿಡಿದುಕೊಂಡಿದ್ದೆವು ನಿಜ. ಹಿಡಿತ ಅವರಿಗೆ ನೋಯುತ್ತಿದೆ ಎಂದು ಗೊತ್ತೇ ಆಗಿರಲಿಲ್ಲ. ಅಳು ಬರಲೇ ಇಲ್ಲ ಮಗಳೇ. ವಾಪಸು ಬಂದು ನಿನ್ನ ಪತ್ರವನ್ನು ಇನ್ನೊಂದು ಸಲ ಓದಿದೆ. ಈ ಸಲ ಚರ್ಚಿನ ಜನ ಯಾರೂ ಅಡ್ಡ ಬರಲಿಲ್ಲ, ನೀನೊಬ್ಬಳೇ ಕಂಡೆ.

ಟಪ್ಪಾಲಿನವನು ಈ ದಾರಿಯಲ್ಲಿ ಬರುವ ಹೊತ್ತಾಯಿತು, ಮುಗಿಸುತ್ತೇನೆ. ನಿಮ್ಮ ಮದರ್ ಅವರಿಗೆ, ಜೊತೆಯ ಹುಡುಗಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ಮಾತೆ ಮರಿಯಮ್ಮ ನಿನ್ನನ್ನು ತನ್ನ ಸೆರಗಿನಲ್ಲಿ ಕಾಯಲಿ. ಬಿಸಿನೀರು ಕೇಳು.

ಇಂತಿ,
ನಿನ್ನ ಅಮ್ಮ

ಮರೆತೆ: ಬಾ. ಕೇಳಿದ್ದಕ್ಕೆ ಉತ್ತರ ಇಷ್ಟೇ, ಅದನ್ನು ಬರೆಯಲು ಇಷ್ಟು ಕಾಗದ ಬೇಕಾಯಿತು. ಕದ್ದು ಬರಬೇಡ. ಮದರ್ ಎದುರು ಕೂತು ನೀನೇ ಬಾಯಿಬಿಟ್ಟು ಹೇಳು, ಆಶೀರ್ವಾದ ತೆಗೆದುಕೊಂಡು ಬಾ. ನಿಮ್ಮಪ್ಪನಿಗೆ ನಿನ್ನ ಪತ್ರ ಓದಿ ಹೇಳಿದೆ. ಬೆಂಚು ಬಿಟ್ಟು ಎದ್ದು ಹೋಗಿ ನಿನ್ನ ಮಂಚದ ಅಲ್ಲಾಡುವ ಕಾಲು ತೆಗೆದು ಹೊಸದು ಕೂರಿಸುತ್ತಿದ್ದಾರೆ. ನಾಳೆ ಬಿಟ್ಟು ಮುಂದಿನ ಭಾನುವಾರವೇ ಬಾ, ಪೂಜೆ ಬಿಡುವ ಹೊತ್ತಿಗೆ ಚರ್ಚಿನ ಮುಂದೆ ನಿಲ್ಲುವ ಬಸ್ಸಿಗೆ. ಎಲ್ಲರೂ ಮೆಟ್ಟಿಲ ಮೇಲೆ ನಿಂತಿರುತ್ತಾರೆ, ನಿಂತಿರಲಿ, ನೋಡಲಿ. ಪೆಟ್ಟಿಗೆಯ ಒಂದು ಕಡೆ ನಾನು ಹಿಡಿಯುತ್ತೇನೆ. ಯಾಕೆ ಬಂದಳು ಎಂದು ಕೇಳಿದವರಿಗೆ, ಅವಳ ಮನೆ ಇದು ಎಂದು ನಾನೇ ಹೇಳುತ್ತೇನೆ. ಬಸ್ಸು ಇಳಿಯುವಾಗ ಮೆಟ್ಟಿಲು ನೋಡುವುದಕ್ಕೆ ಮಾತ್ರ ತಲೆ ತಗ್ಗಿಸು, ಇನ್ನು ಯಾವುದಕ್ಕೂ ಬೇಡ.