ಕಣಜದೊಳಗಿನ ಆಕಾಶನೌಕೆ

ಅಪ್ಪಾ,

ನೀನು ಬೆಸುಗೆ ಹಾಕಿದ, ನೀನು ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ನಮ್ಮ ತಗಡಿನ ಕಣಜ ಈಗ ಆಕಾಶನೌಕೆಯಾಗಿದೆ. ನಿಂಬರ್ಗಾದಲ್ಲಿ ಸಿನಿಮಾ ತೆಗೆಯುತ್ತಿರುವ ಅನೂಪ ಅದನ್ನು ಅಡ್ಡ ಮಲಗಿಸಿ, ಒಳಗೆ ನೀಲಿ ದೀಪ, ಗುಂಡಿಗಳನ್ನು ಕೂರಿಸಲು ನನ್ನನ್ನೇ ಕರೆದ.

ಇವತ್ತು ಶೂಟಿಂಗ್ ಇತ್ತು. ಒಂಟಿ ಗಗನಯಾತ್ರಿಯಾಗಿದ್ದ ವಂದನಾ ಒಳಗಿನಿಂದ ಗೋಡೆ ಬಡಿದಳು. ಹೊರಗೆ ನಿಂತಿದ್ದ ನಾನು ತಿರುಗಿ ಬಡಿದುಬಿಟ್ಟೆ. ತಳದ ಜೋಳ ಗುಡಿಸಲು ಕಣಜಕ್ಕೆ ಇಳಿದ ನಾನು ಒಳಗಿನಿಂದ ಬಡಿದರೆ ನೀನು ಹೊರಗಿನಿಂದ ಬಡಿಯುತ್ತಿದ್ದೆಯಲ್ಲ, ಅದೇ ರೂಢಿ.

"ಆಕಾಶದಾಗ ಯಾರಲೇ ಬಾಗಲಾ ಬಡ್ಯಾವ್ರು?" ಎಂದು ಅನೂಪ ಕೂಗಿದ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ.

"ಇರ್ಲಿ ಬಿಡ್ರಿ, ಆ ಸಪ್ಪಳಕ್ಕ ನನಗ ಖರೇನ ಧೈರ್ಯ ಬಂತು" ಅಂದಳು ವಂದನಾ. ಅನೂಪ ಆ ಸಪ್ಪಳವನ್ನು ಸಿನಿಮಾದಲ್ಲಿ ಹಾಗೇ ಉಳಿಸಿಕೊಂಡ.

ಎಲ್ಲರೂ ಊಟಕ್ಕೆ ಹೋದ ಮೇಲೆ ಒಳಗೆ ಹೋಗಿ ಕೂತೆ. ಇನ್ನೂ ಜೋಳದ ವಾಸನೆಯಿದೆ. ಒಮ್ಮೆ ಬಡಿದೆ. ಹೊರಗೆ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಕಾದೆ.