ಎಡಗಾಲಿನ ನರ ಮತ್ತು ಬಿಳಿಚೋಡಿನ ಖೋ-ಖೋ ಟೀಮು

ಜುಲೈ 9, ಮಂಗಳವಾರ
ಬೆಳಗಿನ ಪ್ರಾಕ್ಟೀಸ್. ಹುಡುಗಿಯರ ಜೊತೆ ಮೂರು ಸುತ್ತು ಓಡಿದೆ, ನಾಲ್ಕನೆಯದರಲ್ಲಿ ನಿಂತೆ. ಎಡಗಾಲಿನ ಮೂರು-ನಾಲ್ಕನೇ ಬೆರಳಿನ ನಡುವೆ ಕರೆಂಟ್ ಹೊಡೆದ ಹಾಗೆ. ಶೂ ಬಿಚ್ಚಿ ಉಜ್ಜಿದರೆ ಕಡಿಮೆ. ಹಾಕಿದರೆ ಮತ್ತೆ ಉರಿ. ಎರಡು ತಿಂಗಳಾಯಿತು. ಕ್ಯಾಪ್ಟನ್ ರಮ್ಯಶ್ರೀ ನೋಡಿಬಿಟ್ಟಳು.
"ಮೇಡಂ, ಕಲ್ಲು ಸಿಕ್ಕೊಂಡೈತಾ?"
ಹೂಂ ಅಂದೆ. ಸುಳ್ಳು.

ಜುಲೈ 11
ಹೆಡ್‌ಮಾಸ್ಟರ್ ತಿಪ್ಪೇರುದ್ರಸ್ವಾಮಿ ಕರೆಸಿದರು. "ಹೇಮಾವತಿಯವರೇ, ಕುಂಟ್ಕೊಂಡು ಪಿ.ಟಿ. ಹೆಂಗೆ ಮಾಡ್ತೀರಿ? ಆಟದ ಪಿರಿಯಡ್ ಗಣಿತಕ್ಕೆ ಕೊಟ್ಬಿಡ್ರಿ. ಖೋ-ಖೋ ಟೀಮು ಈ ವರ್ಷ ಬ್ಯಾಡ."
ನೋವು ನನ್ನ ಕಾಲಿಗೆ. ಹನ್ನೆರಡು ಹುಡುಗಿಯರು ಯಾಕೆ ಮೂಲೆ ಹಿಡಿಯಬೇಕು? ಕೇಳಿಯೇಬಿಟ್ಟೆ.

ಜುಲೈ 14, ಭಾನುವಾರ
ಅತ್ತೆ ನಿರ್ಮಲಮ್ಮ ಬರೆ ಹಾಕುವವನನ್ನು ಮನೆಗೇ ಕರೆಸಿದ್ದರು. ಒಲೆಯ ಮೇಲೆ ಕಬ್ಬಿಣದ ಕಡ್ಡಿ, ಕೆಂಪಗೆ.
"ನರ ಸುಟ್ರೆ ನೋವು ಹೋಗ್ತೈತೆ ಕಣೆ."
ಗ್ಯಾಸ್ ಆರಿಸಿದೆ. "ಕಾಲು ನಂದು ಅತ್ತೆ. ಸುಡಾಕೆ ಕೊಡಲ್ಲ."
ಅತ್ತೆಯ ಮೊಣಕಾಲಿನ ಮೇಲೆ ಅಂಥವೇ ಎರಡು ಹಳೇ ಗುರುತು. ಇವತ್ತಿಗೂ ಕುಂಟುತ್ತಾರೆ.

ಜುಲೈ 20
ದಾವಣಗೆರೆ. ಮೂಳೆ ಡಾಕ್ಟರ್ ಪ್ರೇಮಲತಾ. ಪಾದವನ್ನು ಎರಡೂ ಪಕ್ಕದಿಂದ ಹಿಂಡಿದರು — ಒಳಗೆ ಟಕ್ ಅಂತು, ಕೂಗಿಬಿಟ್ಟೆ. "ಸಿಕ್ತು ನೋಡ್ರಿ." ಸ್ಕ್ಯಾನ್ ಆಯಿತು. ಬೆರಳಿಗೆ ಹೋಗುವ ನರ ಮೂಳೆಗಳ ನಡುವೆ ಒತ್ತಿ ಒತ್ತಿ ದಪ್ಪಗಾಗಿದೆಯಂತೆ. ಶುಗರ್ ಇಲ್ಲ. ನನ್ನ ಶೂ ಎತ್ತಿ ಹಿಡಿದರು. ಸೈಜ್ ಐದು. ಕಾಲು ಅಳೆದರೆ ಆರೂವರೆ! ಬಿಗಿಯಾಗಿದ್ದರೇ ಓಟಕ್ಕೆ ಚುರುಕು ಅಂತ ಕಾಲೇಜಿನಿಂದಲೂ ನಂಬಿದವಳು ನಾನೇ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ.
ಮುಂದೆ ಅಗಲ ಇರುವ ಶೂ, ಅಂಗಾಲಿಗೆ ಪ್ಯಾಡ್, ಒಂದು ಇಂಜೆಕ್ಷನ್. ಆರು ವಾರ ಓಟ ಬಂದ್. ಇಷ್ಟಕ್ಕೂ ಬಗ್ಗದಿದ್ದರೆ ಆಪರೇಶನ್.
"ನಿಂತ್ಕೊಂಡು ಕಲಿಸ್ಬಹುದಾ?"
"ಕುಂತ್ಕೊಂಡು ಕಲಿಸ್ರಿ."

ಜುಲೈ 22
ಮೈದಾನಕ್ಕೆ ಕುರ್ಚಿ ಹಾಕಿಸಿದೆ. ಹೆಡ್‌ಮಾಸ್ಟರ್ ಬಂದರು. "ಕುರ್ಚಿ ಮ್ಯಾಲೆ ಪಿ.ಟಿ.ನಾ?"
"ರಜ ಕಾಲಿಗೆ, ಬಾಯಿಗಲ್ಲ ಸರ್. ಬ್ಯಾಡ ಅನ್ನೋದಾದ್ರೆ ಬರೆದು ಕೊಡ್ರಿ."
ಬರೆಯಲಿಲ್ಲ. ಸೀಟಿ ಊದಿದೆ.

ಆಗಸ್ಟ್ 12
ಉರಿ ಅರ್ಧಕ್ಕರ್ಧ ಇಳಿದಿದೆ. ಒಂದು ದಿನ ತಡೆಯಲಾರದೆ ಅರ್ಧ ಸುತ್ತು ಓಡಿದ್ದೆ, ಎರಡು ದಿನ ಅನುಭವಿಸಿದೆ. ಮತ್ತೆ ಆ ತಪ್ಪಿಲ್ಲ. ಕೂತಿದ್ದಕ್ಕೆ ಒಂದು ಲಾಭ — ರಮ್ಯಶ್ರೀ ಕಂಬದ ಹತ್ತಿರ ವೇಗ ತಗ್ಗಿಸುತ್ತಾಳೆ. ಜೊತೆಗೆ ಓಡುವಾಗ ಕಂಡಿರಲೇ ಇಲ್ಲ. ತಿದ್ದಿದೆ.

ಸೆಪ್ಟೆಂಬರ್ 3, ಸಂಜೆ 4.50
ಜಗಳೂರು ಬಸ್ ಸ್ಟ್ಯಾಂಡ್. ತಾಲ್ಲೂಕು ಫೈನಲ್‌ನಲ್ಲಿ ಸೋತೆವು, ಒಂದೇ ಪಾಯಿಂಟ್. ಫೈನಲ್‌ವರೆಗೆ ನಮ್ಮ ಶಾಲೆ ಬಂದದ್ದು ಇದೇ ಮೊದಲು. ಹುಡುಗಿಯರು ಅತ್ತರು, ಆಮೇಲೆ ಕಬ್ಬಿನ ಹಾಲು ಕುಡಿದು ನಕ್ಕರು. ಹೆಡ್‌ಮಾಸ್ಟರ್ ಫೋನ್.
"ಸೋತ್ರಂತೆ?"
"ಹೌದು ಸರ್. ಆಟದ ಪಿರಿಯಡ್ ಇನ್ನೂ ಎರಡು ಬೇಕು."
"ನಾಳೆ ಬರ್ರಿ, ಟೈಮ್‌ಟೇಬಲ್ ನೋಡೋಣ."
ಬಿಳಿಚೋಡಿನ ಬಸ್ಸು ಹೊರಟೇಬಿಟ್ಟಿದೆ. ರಮ್ಯಶ್ರೀ ಬಾಗಿಲಲ್ಲಿ ನಿಂತು "ಮೇಡಂ, ಬರ್ರೀ!" ಅಂತ ಕೂಗುತ್ತಿದ್ದಾಳೆ. ಆರು ವಾರ ಮುಗಿದು ಮೂರು ದಿನ. ಓಡಿಯೇ ನೋಡುತ್ತೇನೆ.