ಮಧ್ಯಾಹ್ನದ ಸರದಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9

ಮತ್ತೆ ನನ್ನ ಪುಸ್ತಕದ ಅದೇ ಏಳನೆಯ ಅಧ್ಯಾಯ. ಮೂರು ವಾಕ್ಯ ಬರೆದೆ, ಮೂರನ್ನೂ ಹೊಡೆದು ಹಾಕಿದೆ. ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಎಲ್ಲೂ ತಪ್ಪಿಲ್ಲ. ಆದರೂ ಓದಿದರೆ ಸುಳ್ಳಿನ ಹಾಗೆ ಕೇಳಿಸುತ್ತದೆ.

ಹಣವೇ ಇಲ್ಲದ ಊರಿನಲ್ಲಿ ಬಸ್ ಯಾರು ಓಡಿಸುತ್ತಾರೆ, ಬೆಳೆ ಯಾರು ಕೊಯ್ಯುತ್ತಾರೆ — ಆರು ಅಧ್ಯಾಯಗಳಲ್ಲಿ ಅದೆಲ್ಲ ಮುಗಿದಿದೆ. ಏಳನೆಯದು ವಕೀಲನ ಪ್ರಶ್ನೆ. ಓದುಗರ ಬಳಗದ ಕಾರ್ಯದರ್ಶಿ, ನನ್ನ ಕಾಲೇಜಿನ ಗೆಳೆಯ. ನಲವತ್ತು ವರ್ಷಗಳಿಂದ ಒಂದೇ ಪ್ರಶ್ನೆ: "ಎಲ್ಲ ಸರಿ ಕಣಯ್ಯಾ, ಕಕ್ಕಸು ತೊಳೆಯೋರು ಯಾರು?" ಮೊದಲ ಸಲ ಕೇಳಿದಾಗ ಅವನು ಹಾಕಿದ್ದ ಶರ್ಟು ಕೂಡ ನೆನಪಿದೆ. ಹಳದಿ, ಕಾಲರ್ ಹರಿದಿತ್ತು. ಇಡೀ ಸಭೆ ನಕ್ಕಿತು. ನನ್ನ ಉತ್ತರವೂ ಅಂದಿನಿಂದ ಒಂದೇ: "ಎಲ್ಲರೂ, ಸರದಿಯ ಮೇಲೆ."

23ರ ಭಾನುವಾರ ನಾಲ್ಕು ಗಂಟೆಗೆ ಲೈಬ್ರರಿಯಲ್ಲಿ ನನ್ನ ಭಾಷಣ. ಈ ಸಲ ಅವನ ಬಾಯಿ ಮುಚ್ಚಿಸಲೇಬೇಕು.

ಮಾರ್ಚ್ 4. ಸಂಜೆ

ಡಾಕ್ಟರು ಬಂದಿದ್ದರು. ಅಕ್ಕನ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆಯಂತೆ. ಸೊಂಟ ಮುರಿದುಕೊಂಡು ಮಲಗಿ ಮೂರು ತಿಂಗಳಾಯಿತಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಒದ್ದೆಯಾದರೆ ಕೂಡಲೇ ಬದಲಾಯಿಸಬೇಕು. ಹುಣ್ಣಾಗಿ ಒಡೆದರೆ ಈ ವಯಸ್ಸಿಗೆ ಮಾಯುವುದು ಕಷ್ಟ ಎಂದರು.

ಬೆಳಿಗ್ಗೆ ಎಂಟರಿಂದ ಒಂದರವರೆಗೆ ಆಯಾ ಇರುತ್ತಾಳೆ. ಐದರ ಮೇಲೆ ಪಕ್ಕದ ಮನೆಯಾಕೆ ಬಂದು ಹೋಗುತ್ತಾರೆ. ನಡುವೆ ನಾಲ್ಕು ಗಂಟೆ ಖಾಲಿ. ನಾನೇ ನೋಡಿಕೊಳ್ಳುತ್ತೇನೆ ಅಂದೆ.

"ಲೋ, ನೀನು ನನ್ನ ಸೀರೆ ಮುಟ್ಟಿದರೆ ಅವತ್ತೇ ಪ್ರಾಣ ಬಿಡ್ತೀನಿ," ಅಂದಳು ಅಕ್ಕ. "ನಿನ್ನ ಚಡ್ಡಿ ಒಗೆದೋಳು ನಾನು. ಅದು ಹಾಗೇ ಇರಲಿ."

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಊರಿನ ಮಾತು ಕೇಳಿದವಳು. ತಮ್ಮನ ಮಾತು ಮಾತ್ರ ಕಿವಿಗೆ ಬೀಳುವುದಿಲ್ಲ.

ಮಾರ್ಚ್ 5

ಮಧ್ಯಾಹ್ನವೂ ಇರು, ಸಂಬಳ ಇಮ್ಮಡಿ ಮಾಡುತ್ತೇನೆ ಎಂದು ಆಯಾಗೆ ಹೇಳಿದೆ. ಬಕೆಟ್ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ದುಡ್ಡು ಬೇಡ ಸರ್. ಟೈಮ್ ಬೇಕು."

ಅವಳ ಮಾವ ಗಾರೆ ಮೇಸ್ತ್ರಿ. ಸ್ಟ್ರೋಕ್ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಗಂಡ ಲಾರಿ ಹತ್ತಿದರೆ ಮನೆಗೆ ಬರುವುದು ಹತ್ತು ದಿನಕ್ಕೊಮ್ಮೆ. ಸೊಸೆ ಹತ್ತಿರ ಹೋದರೆ ಮುದುಕ ಹಲ್ಲು ಕಚ್ಚುತ್ತಾನೆ. ಮಗ ಬರುವವರೆಗೆ ತಡೆದುಕೊಳ್ಳುತ್ತಾನೆ. ತಡೆಯಲಾರದೆ ಆದದ್ದರಲ್ಲೇ ಮಲಗಿರುತ್ತಾನೆ.

ಮೂರು ತಿಂಗಳಿಂದ ನನ್ನ ಮನೆಯಲ್ಲಿದ್ದಾಳೆ. ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

"ಒಂದರಿಂದ ಐದು, ನಾನು ಇಲ್ಲಿ ಅಮ್ಮನ ಹತ್ರ ಇರ್ತೀನಿ. ನೀವು ನಮ್ಮ ಮಾವನ ಹತ್ರ ಇರಿ. ಗಂಡಸರಲ್ವಾ ನೀವು? ಬೇಡ ಅನ್ನಲ್ಲ ಅವರು."

ಅಕ್ಕ ಒಳಗಿನಿಂದಲೇ ಕೂಗಿದಳು: "ಹೋಗೋ! ಪುಸ್ತಕದಲ್ಲಿ ಇದನ್ನೇ ಅಲ್ವೇನೋ ಬರೀತಿರೋದು!"

ಒಪ್ಪಿಕೊಂಡೆ. ಒಪ್ಪದೆ ಇನ್ನೇನು ಮಾಡಲಿ?

ಮಾರ್ಚ್ 6, ಗುರುವಾರ. ರಾತ್ರಿ 9

ಹಿಂದಿನ ಬೀದಿ, ಸೈಕಲ್ ಶಾಪಿನ ಮೇಲೆ ಒಂದೇ ಕೋಣೆ. ಗಿಲಾವು ಅರ್ಧಕ್ಕೇ ನಿಂತ ಗೋಡೆ. ಅದಕ್ಕೆ ಮುಖ ಮಾಡಿ ಮೇಸ್ತ್ರಿ ಮಲಗಿದ್ದ, ದಪ್ಪ ಆಳು. ಓದಿ ಹೇಳೋಣವೆಂದು ಎರಡು ಪುಸ್ತಕ ಕೊಂಡೊಯ್ದಿದ್ದೆ.

"ಮೇಷ್ಟ್ರಾ?" ಅಂದ. ಕನ್ನಡಕ ಹಾಕಿದವರೆಲ್ಲ ಮೇಷ್ಟ್ರೇ ಅವನಿಗೆ. ಅಲ್ಲ ಅಂದೆ. "ಇರಲಿ ಬಿಡಿ ಮೇಷ್ಟ್ರೇ. ಪುಸ್ತಕ ಆ ಕಡೆ ಇಡಿ. ಬೆಡ್‌ಪ್ಯಾನ್ ಮಂಚದ ಕೆಳಗಿದೆ."

ಇಟ್ಟೆ. ತೆಗೆದೆ. ಒರೆಸಿದೆ. ಎಲ್ಲ ಮಾಡಿದೆ.

ಮನೆಗೆ ಬಂದು ಎರಡು ಸಲ ಸ್ನಾನ. ವಾಸನೆ ಮೂಗಿನೊಳಗೇ ಕುಳಿತಿದೆ. ಊಟ ಸೇರಲಿಲ್ಲ.

ಮಾರ್ಚ್ 7

ಹೋದೆ. ಹೇಳುವಂಥದ್ದೇನೂ ಇಲ್ಲ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ಶನಿವಾರದಿಂದ ನನ್ನ ಬದಲು ಮೇಸ್ತ್ರಿಯ ಹತ್ತಿರ ಹೋಂ ನರ್ಸಿಂಗ್ ಏಜೆನ್ಸಿಯವನನ್ನು ಕಳಿಸುತ್ತಿದ್ದೇನೆ. ಫೋನ್ ಎತ್ತಿದ ಹುಡುಗಿ, "ಬೇಸಿಕ್ ಇದೆ, ಪ್ರೀಮಿಯಂ ಇದೆ ಸರ್, ಯಾವ ಪ್ಯಾಕೇಜ್ ಕೊಡಲಿ?" ಎಂದಳು. ಮನುಷ್ಯನ ಮಲಮೂತ್ರಕ್ಕೂ ಪ್ಯಾಕೇಜ್! ಪತ್ರಿಕೆಗೆ ಒಂದು ಪತ್ರ ಬರೆದು ಜಾಡಿಸಬೇಕು ಅಂದುಕೊಂಡೆ. ಬರೆಯಲಿಲ್ಲ. ಪ್ರೀಮಿಯಂ ತೆಗೆದುಕೊಂಡೆ.

ಭಾಷಣ ಹತ್ತಿರ ಬಂತು, ಸಮಯವಿಲ್ಲ — ಆಯಾಗೆ ಹೇಳಿದ್ದು ಹೀಗೆ. ಅವಳು ಬಕೆಟ್ ಎತ್ತಿಕೊಂಡು ಬಚ್ಚಲಿಗೆ ನಡೆದಳು.

ಏಳನೆಯ ಅಧ್ಯಾಯ ಸರಾಗವಾಗಿ ಓಡಿತು. ಎರಡು ದಿನದಲ್ಲಿ ಹನ್ನೊಂದು ಪುಟ. ಸರದಿ ಪದ್ಧತಿ ಹೇಗಿರಬೇಕು, ಯಾರಿಗೆ ವಿನಾಯಿತಿ, ತಪ್ಪಿಸಿಕೊಂಡವರನ್ನು ಊರು ಏನು ಮಾಡಬೇಕು... ಚೆನ್ನಾಗಿ ಬಂದಿದೆ.

ಮಾರ್ಚ್ 11. ಮಧ್ಯಾಹ್ನ 1:10

ಒಂದು ಹೊಡೆಯಿತು. ಆಯಾ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಮನೆಗೆ. ಸಂಬಳದ ಟೈಮ್ ಮುಗೀತಲ್ಲ ಸರ್."

"ಅಲ್ಲಿ ಏಜೆನ್ಸಿಯವನು ಇದ್ದಾನಲ್ಲಮ್ಮಾ?"

"ಇದ್ದ. ಇನ್ನು ಬರಬೇಡ ಅಂತ ಕಳಿಸಿಬಿಟ್ಟೆ. ಎರಡೂ ಕೈಗೆ ಗ್ಲೌಸ್, ಕಿವೀಲಿ ಫೋನು. ಮೂಟೆ ಉರುಳಿಸಿದ ಹಾಗೆ ಉರುಳಿಸಿದ್ನಂತೆ. ನಿನ್ನೆ ಮಾವ ಅತ್ತರು ಸರ್. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇದೇ ಮೊದಲು." ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಕೇಳಿದ್ರು, 'ಮೇಷ್ಟ್ರಿಗೆ ನಾನು ಅಷ್ಟು ಅಸಹ್ಯ ಆಗಿಬಿಟ್ನಾ?' ಅಂತ. ನಾನೇನು ಹೇಳಲಿ?"

ಹೋದಳು. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ನನಗೆ ಗೊತ್ತು.

ಅದೇ ದಿನ. 4:30

ಅಕ್ಕ ಒದ್ದೆಯಾಗಿದ್ದಾಳೆ. ಹತ್ತಿರ ಹೋದರೆ ಸೆರಗು ಎಳೆದುಕೊಂಡು ಗೋಡೆ ನೋಡುತ್ತಾಳೆ. ಬೈಯುತ್ತಲೂ ಇಲ್ಲ. ನನಗೆ ಅದೇ ಹೆದರಿಕೆ.

ಮಾರ್ಚ್ 13. ಬೆಳಿಗ್ಗೆ

ಹುಣ್ಣು ಒಡೆದಿದೆ. ನಾಣ್ಯದಷ್ಟಗಲ. ಡಾಕ್ಟರು ನನ್ನ ಮುಖ ನೋಡದೆ ಮುಲಾಮು ಬರೆದುಕೊಟ್ಟರು.

ಹನ್ನೊಂದು ಪುಟಗಳನ್ನು ಮತ್ತೆ ಓದಿದೆ. 'ತಪ್ಪಿಸಿಕೊಂಡವರನ್ನು ಊರು ಏನು ಮಾಡಬೇಕು.' ಎಷ್ಟು ಸೊಗಸಾದ ವಾಕ್ಯಗಳು! ಇಷ್ಟು ವರ್ಷ ಹಣವನ್ನು ಬೈದೆ — ಅದು ದುರಾಸೆ ಹುಟ್ಟಿಸುತ್ತದೆ, ಮನುಷ್ಯರನ್ನು ಮಾರುತ್ತದೆ. ಅದರ ನಿಜವಾದ ಉಪಯೋಗ ಏನೆಂದು ಎಲ್ಲೂ ಬರೆದಿಲ್ಲ. ನಾನು ಇರಬೇಕಾದ ಕಡೆ ಇರದೇ ಇರುವುದಕ್ಕೆ ಅದು ಬೇಕು. ನಾನು ಕೊಂಡುಕೊಂಡದ್ದು ಅಷ್ಟೇ. ಪ್ರೀಮಿಯಂ.

ಆಯಾಗೆ ಕ್ಷಮಿಸು ಅಂದೆ. "ನನ್ನನ್ನ ಯಾಕೆ ಕೇಳ್ತೀರಾ? ನಮ್ಮ ಮಾವನ್ನ ಕೇಳಿ," ಅಂದಳು.

ಅದೇ ದಿನ. ಸಂಜೆ

ಹೋದೆ. ಪುಸ್ತಕ ಒಯ್ಯಲಿಲ್ಲ.

ಮೇಸ್ತ್ರಿ ಗೋಡೆ ಕಡೆಗೇ ಇದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಬಿಟ್ಟು, "ನನಗೆ ವಾಕರಿಕೆ ಬಂತು, ಅದಕ್ಕೆ ಬರಲಿಲ್ಲ," ಅಂದುಬಿಟ್ಟೆ.

ಮೇಸ್ತ್ರಿ ಎಡಗೈ ಉಗುರಿನಿಂದ ಗಿಲಾವು ಕೆರೆದ. ಆಮೇಲೆ, "ನನಗೂ ಬರುತ್ತೆ ಮೇಷ್ಟ್ರೇ. ನಾನೆಲ್ಲಿಗೆ ಹೋಗಲಿ?"

ತಿರುಗಿಸಲು ಹೋದೆ. ಬೈದ. "ಸೊಂಟದಿಂದ ಎತ್ತಬೇಡಿ! ಮೊಣಕಾಲು ಬಗ್ಗಿಸಿ. ಸಿಮೆಂಟ್ ಚೀಲ ಹೊತ್ತೇ ಇಲ್ವಾ ಜನ್ಮದಲ್ಲಿ?" ಇಲ್ಲ. "ಮತ್ತೆ ಏನು ಹೊತ್ತಿದ್ದೀರಾ?" ಅಲ್ಪವಿರಾಮ, ಪೂರ್ಣವಿರಾಮ.

ಆಯಾ ಇವತ್ತು ಐದರವರೆಗೂ ಅಕ್ಕನ ಹತ್ತಿರ ಇದ್ದಳಂತೆ.

ಮಾರ್ಚ್ 19

ವಾಸನೆ ಇದ್ದೇ ಇದೆ. ರೂಢಿಯಾಗುತ್ತದೆ ಅನ್ನುವುದು ಸುಳ್ಳು. ಆದರೆ ಊಟ ಸೇರುತ್ತಿದೆ.

ನನ್ನ ಪುಸ್ತಕ ಏನೆಂದು ಮೇಸ್ತ್ರಿ ಕೇಳಿದ. ಹೇಳಿದೆ.

"ದುಡ್ಡಿಲ್ಲದ ಊರಲ್ಲಿ ನನ್ನಂಥವನಿಗೆ ಏನು ಕೆಲಸ?"

"ಏನಿಲ್ಲ. ಆರಾಮಾಗಿ ಮಲಗಿರಬಹುದು. ಊರು ನೋಡಿಕೊಳ್ಳುತ್ತೆ."

"ಹಾಗಾದ್ರೆ ಆಗಲೇ ಅಲ್ಲಿಗೆ ಬಂದುಬಿಟ್ಟಿದೀನಿ ಅನ್ನಿ," ಎಂದು ಬಾಯಿಯ ಒಂದೇ ಪಕ್ಕದಲ್ಲಿ ನಕ್ಕ. ಆಮೇಲೆ: "ನಮ್ಮ ಸೊಸೆ ನಿಮ್ಮ ಅಕ್ಕನ್ನ ನೋಡ್ಕೊಳ್ತಾಳೆ. ಅದಕ್ಕೆ ನೀವು ಬಂದ್ರಿ. ಯಾರೂ ಇಲ್ಲದವನಿಗೆ ಯಾರು ಬರ್ತಾರೆ?"

ವಕೀಲನ ಪ್ರಶ್ನೆಗಿಂತ ಇದು ಕಷ್ಟದ್ದು. ಆಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಆಯಾಗೆ ಬೆಳಗಿನ ಸಂಬಳ ಈಗಲೂ ನಾನೇ ಕೊಡುತ್ತೇನೆ. ಅವಳ ಮನೆ ಬಾಡಿಗೆ ನನ್ನ ಅಧ್ಯಾಯದಿಂದ ಹುಟ್ಟುವುದಿಲ್ಲ. ದಿನದಲ್ಲಿ ನಾಲ್ಕೇ ಗಂಟೆ, ಎರಡೇ ಮನೆ. ಇದು ಊರಾಗುವುದು ಹೇಗೆ?

ಮಾರ್ಚ್ 21

ಹುಣ್ಣಿನ ಅಂಚು ಒಣಗಿದೆ. ಅಕ್ಕ ಮತ್ತೆ ಬೈಯಲು ಶುರುಮಾಡಿದಳು. ನೆಮ್ಮದಿ.

ಮಾರ್ಚ್ 23, ಭಾನುವಾರ. 3:40. ಮೇಸ್ತ್ರಿಯ ಕೋಣೆ

ಇವತ್ತು ಮೇಸ್ತ್ರಿಯ ಮಗ ಇರಬೇಕಿತ್ತು. ಲಾರಿ ಇನ್ನೂ ದಾರಿಯಲ್ಲೇ ಇದೆಯಂತೆ. "ನೀವು ಭಾಷಣಕ್ಕೆ ಹೋಗಿ ಸರ್, ಮಾವ ಒಂದಿನ ತಡೀತಾರೆ," ಅಂದಳು ಆಯಾ. ತಡೆಯುವುದು ಅಂದರೆ ಏನೆಂದು ಈಗ ನನಗೆ ಗೊತ್ತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೇ ಇಲ್ಲಿಗೆ ಬಂದೆ.

ಈಗ ವಕೀಲನ ಫೋನು. "ಎಲ್ಲಿ ಸತ್ತೆಯೋ? ಹತ್ತೊಂಬತ್ತು ಜನ ಕೂತಿದ್ದಾರೆ! ಪ್ರಶ್ನೆ ರೆಡಿ ಮಾಡ್ಕೊಂಡು ಬಂದಿದ್ದೀನಿ."

"ಹಳೇದೇನಾ?"

"ಅದೇ."

"ಬರೋಕಾಗಲ್ಲ ಕಣೋ. ಕೆಲಸದಲ್ಲಿದ್ದೀನಿ. ಹಸ್ತಪ್ರತಿ ಲೈಬ್ರೇರಿಯನ್ ಹತ್ರ ಇದೆ, ನೀನೇ ಓದು. ಆರರವರೆಗೆ ಮಾತ್ರ."

"ಏಳನೆಯದು?"

"ಹರಿದು ಹಾಕು. ಇನ್ನೂ ಬರೆದಿಲ್ಲ ಅದನ್ನ."

ಬೈದು ಫೋನ್ ಇಟ್ಟ. ನಲವತ್ತು ವರ್ಷ ಕಾದದ್ದು ಈ ಒಂದು ಮಧ್ಯಾಹ್ನಕ್ಕೆ. ಎದ್ದು ಓಡಿದರೆ ಈಗಲೂ ತಲುಪಬಹುದು... ಕಾಲು ತುಡಿಯುತ್ತಿದೆ.

"ಬರೆದದ್ದು ಸಾಕು ಮೇಷ್ಟ್ರೇ," ಅನ್ನುತ್ತಿದ್ದಾನೆ ಮೇಸ್ತ್ರಿ. "ಎಷ್ಟೊತ್ತು ಇದೇ ಗೋಡೆ ನೋಡ್ಲಿ?"

ನಾಲ್ಕಕ್ಕೆ ಎರಡು ನಿಮಿಷ. ಈಗ ಕಿಟಕಿ ಕಡೆಗೆ ಮಗ್ಗುಲು. ಮೊದಲು ದಿಂಬು. ಆಮೇಲೆ ಮೊಣಕಾಲು ಬಗ್ಗಿಸಿ, ಭುಜದ ಕೆಳಗೆ ಕೈ —